ಅಯ್ಮನ್ ಹಾಕದ ಸಹಿ

ನವೆಂಬರ್ ಹನ್ನೊಂದು, ಮಂಗಳವಾರ. ಸಂಜೆ ನಾಲ್ಕೂವರೆಯ ಹೊತ್ತಿಗೆ ಐರ್ಲೆಂಡಿನ ಲೀಕ್ಸ್‌ಲಿಪ್ ಪಟ್ಟಣದ ಗಾರ್ಡಾ, ಅಂದರೆ ಪೊಲೀಸ್, ಠಾಣೆಯ ಕೌಂಟರಿನ ಮುಂದೆ ಒಬ್ಬ ತಂದೆ ಮತ್ತು ಮಗಳು ಬಂದು ನಿಂತರು. ಹೊರಗೆ ಆಗಲೇ ಕತ್ತಲಾಗುತ್ತಿತ್ತು. ಇಬ್ಬರ ಜಾಕೆಟ್ಟಿನಿಂದಲೂ ನೀರು ಇಳಿಯುತ್ತಿತ್ತು.

ಕರ್ತವ್ಯದಲ್ಲಿದ್ದವನು ಗಾರ್ಡಾ ಪ್ರಹ್ಲಾದ. ತುಮಕೂರಿನಲ್ಲಿ ಹುಟ್ಟಿ, ಒಂಬತ್ತನೇ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ಐರ್ಲೆಂಡಿಗೆ ಬಂದು, ಇಲ್ಲೇ ಓದಿ ಪೊಲೀಸ್ ಕೆಲಸಕ್ಕೆ ಸೇರಿದವನು. ಅವನು ತನ್ನ ಹೆಸರು ಹೇಳುತ್ತಿದ್ದಂತೆ ತಂದೆ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಹೊರಳಿದರು.

"ನೀವು ಕನ್ನಡದೋರಾ ಸರ್?"

"ಹೌದು. ಹೇಳಿ."

"ನಾನು ಸರ್ಫರಾಜ್. ಇಲ್ಲೇ ಚಿಪ್ ಫ್ಯಾಕ್ಟರೀಲಿ ಶಿಫ್ಟ್ ಎಂಜಿನಿಯರ್. ಇವಳು ನನ್ನ ಮಗಳು ಅಯ್ಮನ್. ಯಾರೋ ಇವಳ ಹೆಸರಲ್ಲಿ ಸಹಿ ಹಾಕಿದ್ದಾರೆ. FIR ಮಾಡಿಸ್ಬೇಕು."

"ಇಲ್ಲಿ FIR ಅನ್ನಲ್ಲ ಸರ್. ಸ್ಟೇಟ್‌ಮೆಂಟ್ ತಗೊಂಡು ಸಿಸ್ಟಮ್‌ಗೆ ಹಾಕ್ತೀವಿ. ಕೆಲಸ ಅದೇ. ಒಳಗೆ ಬನ್ನಿ."

ಒಳಗಿನ ಕೋಣೆಯಲ್ಲಿ ಹೇಳಿಕೆ ದಾಖಲಾಯಿತು. ಅಯ್ಮನ್‌ಗೆ ಹದಿನೆಂಟು ವರ್ಷ. ಸಾವಿರದೈನೂರು ಮೀಟರ್ ಓಟಗಾರ್ತಿ. ಅಮೆರಿಕದ ಒಂದು ಕಾಲೇಜು ಪೂರ್ಣ ವಿದ್ಯಾರ್ಥಿವೇತನ ಕೊಟ್ಟು ಜನವರಿಯಲ್ಲಿ ಸೇರಿಸಿಕೊಳ್ಳುವುದಾಗಿ ಒಪ್ಪಿತ್ತು. ಕಳೆದ ವಾರ ಅದೇ ಕಾಲೇಜಿನಿಂದ ಮೇಲ್ ಬಂದಿತ್ತು: ಆಕೆ ನಾರ್ತ್‌ಲೈನ್ ಸ್ಪೋರ್ಟ್ಸ್ ಎಂಬ ಏಜೆನ್ಸಿಯ ಜೊತೆ ಒಪ್ಪಂದ ಮಾಡಿಕೊಂಡು ಮುಂಗಡ ಪಡೆದಿರುವುದಾಗಿ ತಿಳಿದುಬಂದಿದೆ, ಆದ್ದರಿಂದ ಕಾಲೇಜಿನ ಪರವಾಗಿ ಓಡುವ ಅರ್ಹತೆ ಇಲ್ಲ, ಸೀಟು ರದ್ದು. ಜೊತೆಗೆ ಒಪ್ಪಂದದ ಕೊನೆಯ ಪುಟದ ಫೋಟೋ ಇತ್ತು. ಯಾರೋ ಹೆಸರು ಹೇಳದೆ ಕಾಲೇಜಿಗೆ ಕಳಿಸಿದ್ದರು.

"ಈ ಏಜೆನ್ಸಿ ನಿನಗೆ ಗೊತ್ತಾ?" ಪ್ರಹ್ಲಾದ ಕೇಳಿದ.

ಅಯ್ಮನ್‌ಗೆ ಕನ್ನಡ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಇಲ್ಲಿನ ಕಿಲ್ಡೇರ್ ಜಿಲ್ಲೆಯ ಹುಡುಗಿಯರ ಧಾಟಿಯಲ್ಲಿ ಬಂತು. ಆ ಹೆಸರನ್ನೇ ಕೇಳಿರಲಿಲ್ಲ. ಯಾರನ್ನೂ ಕಂಡಿಲ್ಲ, ಏನನ್ನೂ ತೆಗೆದುಕೊಂಡಿಲ್ಲ. "ನೋಬಡಿ ಬಿಲೀವ್ಸ್ ಮಿ," ಎಂದು ಹೇಳಿ ಮೇಜನ್ನು ನೋಡುತ್ತ ಕುಳಿತಳು.

"ಮೇಲ್ ಬಂದಾಗಿಂದ ಒಂದು ದಿನಾನೂ ಓಡಿಲ್ಲ," ಎಂದರು ಸರ್ಫರಾಜ್. "ರೂಮಿಂದಾನೇ ಹೊರಗೆ ಬರ್ತಿಲ್ಲ. ಇವತ್ತು ನಾನೇ ಎಳ್ಕೊಂಡು ಬಂದೆ."

ಮರುದಿನ ಪ್ರಕರಣ ನೇಸ್ ವಿಭಾಗದ ಡಿಟೆಕ್ಟಿವ್ ಇನ್ಸ್‌ಪೆಕ್ಟರ್ ನೋರೀನ್ ಹೆಫರ್ನನ್ ಅವರ ಕೈಗೆ ಬಂತು. ಐವತ್ತು ದಾಟಿದ, ಕಡಿಮೆ ಮಾತಿನ ಹೆಂಗಸು. ಕನ್ನಡ ಬಲ್ಲವನೆಂದು ಪ್ರಹ್ಲಾದನನ್ನು ಜೊತೆಗೆ ತೆಗೆದುಕೊಂಡರು. ಕಡತ ಓದಿ ಮುಗಿಸಿ ಅವನಿಗೆ ವಿಷಯ ಬಿಡಿಸಿ ಹೇಳಿದರು.

"ಅಮೆರಿಕದಲ್ಲಿ ಈಗ ಕಾಲೇಜು ಆಟಗಾರರು ಜಾಹೀರಾತಿನಿಂದ ಗಳಿಸಬಹುದು. ಆದರೆ ಮುಂದೆ ವೃತ್ತಿಪರಳಾಗಿ ಓಡುವ ಹಕ್ಕನ್ನು ಏಜೆಂಟನಿಗೆ ಬರೆದುಕೊಟ್ಟು ಮುಂಗಡ ತೆಗೆದುಕೊಂಡರೆ ಕಾಲೇಜು ಕ್ರೀಡೆ ಅಲ್ಲಿಗೆ ಮುಗಿಯಿತು. ಹಾಗೆ ಗುಟ್ಟಾಗಿ ಕೊಡುವ ಏಜೆಂಟನಿಗೆ ಅಲ್ಲಿ ಎಷ್ಟೋ ರಾಜ್ಯಗಳಲ್ಲಿ ಶಿಕ್ಷೆ ಇದೆ. ಅವನು ನೋಂದಣಿ ಮಾಡಿಸಿರಬೇಕು, ಒಪ್ಪಂದ ಆದರೆ ಕಾಲೇಜಿಗೆ ತಿಳಿಸಬೇಕು."

"ನಮ್ಮಲ್ಲಿ?"

"ನಮ್ಮಲ್ಲಿ ಅಂಥ ಕಾನೂನಿಲ್ಲ. ನಕಲಿ ಸಹಿಗೆ ಇದೆ. ಆ ಹುಡುಗಿ ಸಹಿ ಹಾಕಿಲ್ಲ ಅನ್ನುವುದು ನಿಜವಾದರೆ ನಮಗೆ ಕೆಲಸ ಇದೆ. ಸುಳ್ಳಾದರೆ ಇಲ್ಲ."

ನಾರ್ತ್‌ಲೈನ್ ಸ್ಪೋರ್ಟ್ಸ್ ಕಚೇರಿ ಸಿಟಿವೆಸ್ಟ್‌ನ ಒಂದು ಗಾಜಿನ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಎರಡು ಕೋಣೆ, ಒಬ್ಬ ರಿಸೆಪ್ಷನಿಸ್ಟ್, ಗೋಡೆಯ ತುಂಬ ಓಟಗಾರರ ಚಿತ್ರಗಳು. ಏಜೆಂಟ್ ಗ್ಲೆನ್ ಡಾರ್ಸಿ ಇಬ್ಬರಿಗೂ ಕಾಫಿ ತರಿಸಿದ.

"ಸಹಿ ಹಾಕುವಾಗ ಹುಡುಗಿ ಎದುರಿಗೆ ಇದ್ದಳೇ?" ಹೆಫರ್ನನ್ ಕೇಳಿದರು.

"ಇಲ್ಲ. ಅವಳ ಚಿಕ್ಕಪ್ಪ ಬಂದಿದ್ದರು. ಅಭ್ಯಾಸ ಬಿಡಿಸುವುದು ಬೇಡ ಅಂದರು. ಸಹಿ ಮಾಡಿಸಿ ತಂದುಕೊಟ್ಟರು. ಪಾಸ್‌ಪೋರ್ಟ್ ಪ್ರತಿಯೂ ಇತ್ತು."

"ಮುಂಗಡ?"

"ಅವಳ ಹೆಸರಿನ ಪ್ರೀಪೇಯ್ಡ್ ಕಾರ್ಡ್. ಅವರ ಕೈಗೇ ಕೊಟ್ಟೆ."

"ಯಾವಾಗ?"

"ಸೆಪ್ಟೆಂಬರ್ ಕೊನೆಯ ವಾರ."

"ಅವಳು ಕಾಲೇಜಿಗೆ ಹೋಗುವವಳು ಅಂತ ಗೊತ್ತಿತ್ತು. ಹೀಗೆ ಕೊಟ್ಟರೆ ಅವಳ ಸೀಟು ಹೋಗುತ್ತದೆ ಅಂತಲೂ ಗೊತ್ತಿತ್ತು."

"ಯಾರೂ ಹೇಳದಿದ್ದರೆ ಹೋಗುವುದಿಲ್ಲ," ಎಂದ ಡಾರ್ಸಿ. ಅವನ ದನಿಯಲ್ಲಿ ಅಳುಕಿರಲಿಲ್ಲ. "ನಾನು ಡಬ್ಲಿನ್‌ನಲ್ಲಿ ಕೂತು ಕೆಲಸ ಮಾಡುತ್ತೇನೆ, ಇನ್ಸ್‌ಪೆಕ್ಟರ್. ಇಲ್ಲಿ ನಾನು ಯಾವ ಕಾನೂನು ಮುರಿದಿದ್ದೇನೆ ಹೇಳಿ."

ಹೆಫರ್ನನ್ ನೋಟ್‌ಬುಕ್ಕಿನ ಹಾಳೆ ತಿರುಗಿಸಿದರು.

"ಆ ಚಿಕ್ಕಪ್ಪ ಹೇಗಿದ್ದರು?"

"ಐವತ್ತರ ಹತ್ತಿರ. ನಿಮ್ಮವರ ಹಾಗೆ," ಎಂದು ಪ್ರಹ್ಲಾದನ ಕಡೆ ಕೈ ತೋರಿಸಿದ. "ಮರ್ಯಾದಸ್ಥರು. ಮಾಸ್ಕ್ ಹಾಕಿದ್ದರು, ಕೆಮ್ಮು ಅಂದರು."

ಕಟ್ಟಡದ ಕ್ಯಾಮೆರಾ ಚಿತ್ರಗಳು ಒಂದು ತಿಂಗಳಿಗೆ ಅಳಿಸಿಹೋಗುತ್ತಿದ್ದವು. ಮೂಲ ಒಪ್ಪಂದ ಮತ್ತು ಪಾಸ್‌ಪೋರ್ಟ್ ಪ್ರತಿಯನ್ನು ರಿಸೆಪ್ಷನಿಸ್ಟ್ ಎದುರಿಗೇ ಚೀಲಕ್ಕೆ ಹಾಕಿ ಮೊಹರು ಮಾಡಿದರು. ಊರಿನಲ್ಲಾಗಿದ್ದರೆ ಇದನ್ನೇ ಪಂಚನಾಮೆ ಎನ್ನುತ್ತಿದ್ದರು ಎಂದು ಪ್ರಹ್ಲಾದ ಅಂದುಕೊಂಡ.

ಕಾರಿನಲ್ಲಿ ಹೆಫರ್ನನ್ ಹೇಳಿದರು: "ಚಿಕ್ಕಪ್ಪ ಅಂತ ಯಾರು ಬೇಕಾದರೂ ಹೇಳಬಹುದು. ಮಗಳ ಪಾಸ್‌ಪೋರ್ಟ್ ಯಾರ ಹತ್ತಿರ ಇರುತ್ತದೆ? ಐವತ್ತರ ಹತ್ತಿರದ ಗಂಡಸು, ಭಾರತೀಯ. ಮೊದಲು ಅಪ್ಪನನ್ನು ನೋಡೋಣ."

ಪ್ರಹ್ಲಾದನಿಗೆ ಅದು ಇಷ್ಟವಾಗಲಿಲ್ಲ. ಆದರೂ ಅವನೇ ವಿಚಾರಿಸಿದ. ಮರುದಿನ ಅಯ್ಮನ್ ಓಡುತ್ತಿದ್ದ ಅಥ್ಲೆಟಿಕ್ಸ್ ಕ್ಲಬ್ಬಿನ ಮೈದಾನಕ್ಕೆ ಹೋದಾಗ ಮಳೆ ಹನಿಯುತ್ತಿತ್ತು. ಒಬ್ಬಳೇ ಹುಡುಗಿ ಟ್ರ್ಯಾಕಿನಲ್ಲಿ ಸುತ್ತು ಹಾಕುತ್ತಿದ್ದಳು. ಬೇಲಿಯ ಪಕ್ಕ ಅವಳ ತಂದೆ ನಿಂತಿದ್ದರು. ಶಾನವಾಜ್, ಬೆಂಗಳೂರಿನವರು, ಐಟಿ ಕೆಲಸ. ಕ್ಲಬ್ಬಿನಲ್ಲಿ ಸಂಬಳವಿಲ್ಲದೆ ದುಡಿಯುವ ಪೋಷಕರಲ್ಲಿ ಒಬ್ಬರು. ಕನ್ನಡ ಕೇಳಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು.

"ಅಲ್ಲಿ ಓಡ್ತಿರೋಳು ನನ್ನ ಮಗಳು ಜುವೇರಿಯಾ. ಅವಳೂ ಅಯ್ಮನ್ನೂ ಎಂಟು ವರ್ಷದಿಂದ ಒಟ್ಟಿಗೆ. ಅಕ್ಕತಂಗೀರ ಥರ. ಎಂಥಾ ಅನ್ಯಾಯ ಆಯ್ತು ನೋಡಿ."

"ಸರ್ಫರಾಜ್ ಅವರು ನಿಮಗೆ ಚೆನ್ನಾಗಿ ಗೊತ್ತಾ?"

"ತುಂಬಾ ಒಳ್ಳೇ ಮನುಷ್ಯ. ಮನೆ ಲೋನು, ಅದು ಇದು ಅಂತ ಸ್ವಲ್ಪ ಟೆನ್ಷನ್‌ನಲ್ಲಿದ್ರು. ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ ಬಿಡಿ. ಅವರನ್ನ ಅನುಮಾನ ಪಡ್ಬೇಡಿ."

ಪ್ರಹ್ಲಾದ ಹೇಳಿಕೆಯನ್ನು ಬರೆದುಕೊಂಡ. ಲೋನಿನ ಮಾತೂ ಅದರಲ್ಲಿ ಸೇರಿತು.

ಹದಿನೇಳನೇ ತಾರೀಖು ಸರ್ಫರಾಜ್ ಅವರನ್ನು ಠಾಣೆಗೆ ಕರೆಸಿದರು. ಪ್ರಶ್ನೆಗಳನ್ನು ಹೆಫರ್ನನ್ ಕೇಳಿದರು. ಸೆಪ್ಟೆಂಬರ್ ಕೊನೆಯ ವಾರ ಎಲ್ಲಿದ್ದಿರಿ? ಸಿಟಿವೆಸ್ಟ್‌ಗೆ ಹೋಗಿದ್ದಿರಾ? ಸಾಲ ಇದೆಯೇ? ಮೊದಲೆರಡಕ್ಕೆ ಸರ್ಫರಾಜ್ ಉತ್ತರ ಕೊಟ್ಟರು. ಮೂರನೆಯದಕ್ಕೆ ತಿರುಗಿ ಪ್ರಹ್ಲಾದನ ಮುಖ ನೋಡಿದರು.

"ನಾನೇ ಮಾಡಿದ್ದೀನಿ ಅಂತಾನಾ?"

"ಎಲ್ಲರನ್ನೂ ಕೇಳ್ಬೇಕಾಗುತ್ತೆ ಸರ್."

"ದೂರು ಕೊಟ್ಟೋನು ನಾನು."

"ಗೊತ್ತು ಸರ್."

ಸರ್ಫರಾಜ್ ಪೆನ್ನು ಕೇಳಿ ತೆಗೆದುಕೊಂಡರು. ಆಮೇಲೆ ತಮ್ಮ ಬ್ಯಾಂಕ್ ಖಾತೆ, ಫೋನು, ಶಿಫ್ಟಿನ ದಾಖಲೆ ಎಲ್ಲವನ್ನೂ ನೋಡಬಹುದೆಂದು ಒಪ್ಪಿಗೆ ಬರೆದುಕೊಟ್ಟರು. ಹೊರಡುವಾಗ ಎದ್ದು ನಿಂತು ಹೇಳಿದರು: "ಮಸೀದೀಲಿ ಜನ ಆಗಲೇ ಮಾತಾಡ್ತಿದ್ದಾರೆ. ಅಪ್ಪಾನೇ ದುಡ್ಡು ತಗೊಂಡು ಮಗಳ ಮೇಲೆ ಹಾಕ್ದ ಅಂತ. ಇವತ್ತು ನಾನು ಇಲ್ಲಿಗೆ ಬಂದಿದ್ದೂ ಗೊತ್ತಾಗುತ್ತೆ. ನನ್ನ ಮಗಳ ಕಿವಿಗೂ ಬೀಳುತ್ತೆ."

ಅವಳ ಕಿವಿಗೆ ಅದು ಆಗಲೇ ಬಿದ್ದಿತ್ತು. ಅಯ್ಮನ್ ತಂದೆಯ ಜೊತೆ ಮಾತು ಬಿಟ್ಟಿದ್ದಳು.

ನ್ಯಾಯಾಲಯದ ಆದೇಶ ಪಡೆದು ಕಾರ್ಡ್ ಕಂಪನಿಗೆ ಕಳಿಸಿದ್ದ ಕೋರಿಕೆಗೆ ಇಪ್ಪತ್ತೊಂದರಂದು ಉತ್ತರ ಬಂತು. ಹೆಫರ್ನನ್ ಅದನ್ನು ಎರಡು ಸಲ ಓದಿ ಪ್ರಹ್ಲಾದನ ಮುಂದೆ ಇಟ್ಟರು.

"ಒಂದು ಸೆಂಟ್ ಖರ್ಚಾಗಿಲ್ಲ. ಕಾರ್ಡನ್ನು ಚಾಲೂ ಕೂಡ ಮಾಡಿಲ್ಲ."

"ಸಿಕ್ಕಿಬೀಳುವ ಭಯ ಇರಬಹುದು."

"ಭಯ ಇರುವವನು ಕಾಲೇಜಿಗೆ ಫೋಟೋ ಯಾಕೆ ಕಳಿಸುತ್ತಾನೆ? ಡಾರ್ಸಿ ಕಳಿಸಿರಲಾರ, ಗುಟ್ಟು ಉಳಿದರೇ ಅವನಿಗೆ ಲಾಭ. ಉಳಿದವನು ಒಪ್ಪಂದ ತಂದುಕೊಟ್ಟವನು ಒಬ್ಬನೇ. ಹಣ ತೆಗೆದುಕೊಂಡ, ಮುಟ್ಟಲಿಲ್ಲ, ತಾನೇ ಕಾಲೇಜಿಗೆ ತಿಳಿಸಿದ. ಅವನಿಗೆ ಹಣ ಬೇಕಿರಲಿಲ್ಲ. ಅವಳು ಹಣ ತೆಗೆದುಕೊಂಡಳು ಅಂತ ಆಗಬೇಕಿತ್ತು."

ಅಂದೇ ಸಂಜೆ ಹೆಫರ್ನನ್ ಅಮೆರಿಕದ ಕಾಲೇಜಿನ ಕೋಚ್‌ಗೆ ಫೋನ್ ಮಾಡಿದರು. ಕೇಳಿದ್ದು ಒಂದೇ ಪ್ರಶ್ನೆ: ಅಯ್ಮನ್‌ಗೆ ಕೈತಪ್ಪಿದ ಸೀಟು ಯಾರಿಗೆ ಹೋಯಿತು?

ಕಾಯುವ ಪಟ್ಟಿಯಲ್ಲಿ ಮೊದಲಿದ್ದವಳಿಗೆ, ಎಂದರು ಕೋಚ್. ಅದೇ ಕ್ಲಬ್ಬಿನ ಹುಡುಗಿ. ಜುವೇರಿಯಾ.

ಪ್ರಹ್ಲಾದನಿಗೆ ಮೈದಾನದ ಬೇಲಿಯ ಪಕ್ಕ ಕುಡಿದ ಚಹಾ ನೆನಪಾಯಿತು.

ಮರುದಿನ ಶನಿವಾರ ಅವನು ಸರ್ಫರಾಜ್ ಅವರ ಮನೆಗೆ ಹೋದ. ಸರ್ಫರಾಜ್ ಶಿಫ್ಟಿನಲ್ಲಿದ್ದರು. ಬಾಗಿಲು ತೆರೆದವರು ಅಯ್ಮನ್‌ಳ ತಾಯಿ ಜಮೀಲಾ, ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಓದಿ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆಯಾಗಿದ್ದವರು. ಅವನನ್ನು ಕೂರಿಸಿದರು, ಮುಖದಲ್ಲಿ ನಗು ಇರಲಿಲ್ಲ.

"ಈಗ ನನ್ನನ್ನ ಕೇಳೋಕೆ ಬಂದ್ರಾ?"

"ಒಂದು ಕಾಪಿ ತೋರಿಸ್ಬೇಕಿತ್ತು ಡಾಕ್ಟ್ರೇ."

ಏಜೆನ್ಸಿಯಲ್ಲಿ ಸಿಕ್ಕ ಪಾಸ್‌ಪೋರ್ಟ್ ಪ್ರತಿಯನ್ನು ಜಮೀಲಾ ಕೈಗೆ ತೆಗೆದುಕೊಂಡು ನೋಡಿದ ತಕ್ಷಣ ಹೇಳಿದರು: "ಇದು ಹಳೇದು. ಇದ್ರಲ್ಲಿ ಅವಳಿಗೆ ಕನ್ನಡಕ ಇಲ್ಲ, ಹದಿಮೂರು ವರ್ಷ. ಇದನ್ನ ಹೋದ ವರ್ಷಾನೇ ರಿನ್ಯೂವಲ್‌ಗೆ ಕಳಿಸಿದ್ವಿ. ನಾವು ಕೊಡೋದಾಗಿದ್ರೆ ಹೊಸದನ್ನೇ ಕೊಡ್ತಿದ್ವಲ್ಲ?"

"ಹಳೇದರ ಕಾಪಿ ಯಾರಿಗಾದ್ರೂ ಕೊಟ್ಟಿದ್ರಾ?"

"ಕ್ಲಬ್ಬಿಗೆ. ಬೆಲ್ಜಿಯಂಗೆ ರೇಸ್‌ಗೆ ಹೋದಾಗ. ಟಿಕೆಟ್ ಎಲ್ಲಾ ಮಾಡಿಸಿದ್ದು ಶಾನವಾಜ್ ಭಾಯ್..."

ಜಮೀಲಾ ಪ್ರತಿಯನ್ನು ಮೇಜಿನ ಮೇಲಿಟ್ಟರು. "ಇಲ್ಲ. ಅವರಲ್ಲ. ನಮ್ಮ ಹುಡುಗಿಗೆ ಜ್ವರ ಬಂದ್ರೆ ಸೂಪ್ ಮಾಡ್ಕೊಂಡು ಬರೋರು ಅವರು," ಎಂದರು.

ಪ್ರಹ್ಲಾದ ಎದ್ದ. "ಸದ್ಯಕ್ಕೆ ಯಾರಿಗೂ ಹೇಳ್ಬೇಡಿ ಡಾಕ್ಟ್ರೇ. ನಿಮ್ಮೆಜಮಾನ್ರಿಗೂ."

ಮುಂದಿನ ಕೆಲಸಗಳು ಬೇಗ ನಡೆದವು. ಒಪ್ಪಂದದ ಸಹಿ ಅಯ್ಮನ್‌ಳ ಕೈಬರಹವಲ್ಲ ಎಂದು ದಸ್ತಾವೇಜು ತಜ್ಞರು ವರದಿ ಕೊಟ್ಟರು. ಎಂಟು ಗಂಡಸರ ಫೋಟೋಗಳನ್ನು ಮುಂದಿಟ್ಟಾಗ ಏಜೆನ್ಸಿಯ ರಿಸೆಪ್ಷನಿಸ್ಟ್ ಸರ್ಫರಾಜ್ ಅವರ ಫೋಟೋ ದಾಟಿ ಶಾನವಾಜ್ ಅವರದನ್ನು ಮುಟ್ಟಿದಳು. ನೀರು ಕುಡಿಯಲು ಅವರು ಮಾಸ್ಕ್ ತೆಗೆದದ್ದು ಅವಳಿಗೆ ನೆನಪಿತ್ತು. ನ್ಯಾಯಾಧೀಶರು ಶೋಧದ ವಾರಂಟಿಗೆ ಸಹಿ ಹಾಕಿದರು.

ನವೆಂಬರ್ ಇಪ್ಪತ್ತೇಳು, ಗುರುವಾರ ಬೆಳಿಗ್ಗೆ ಎಂಟಕ್ಕೆ ಹೆಫರ್ನನ್, ಪ್ರಹ್ಲಾದ ಮತ್ತು ಇನ್ನಿಬ್ಬರು ಗಾರ್ಡಾಗಳು ಶಾನವಾಜ್ ಅವರ ಮನೆಯ ಬಾಗಿಲು ತಟ್ಟಿದರು. ಮನೆಯಲ್ಲಿ ತಂದೆ ಮಗಳು ಇಬ್ಬರೇ. ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಜುವೇರಿಯಾ ಕೈಯಲ್ಲಿ ಟೋಸ್ಟ್ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಹಜಾರದಲ್ಲಿ ಅರ್ಧ ತುಂಬಿದ ಸೂಟ್‌ಕೇಸ್ ತೆರೆದಿತ್ತು.

ಶೋಧಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ. ಕಾರ್ಡು ಕಾರಿನ ಡ್ಯಾಶ್‌ಬೋರ್ಡ್ ಖಾನೆಯಲ್ಲಿತ್ತು, ಏಜೆನ್ಸಿಯ ಲಕೋಟೆಯೊಳಗೆ, ಅಂಟು ಬಿಚ್ಚದೆ.

"ಇದು ಯಾರದು?" ಹೆಫರ್ನನ್ ಕೇಳಿದರು.

ಶಾನವಾಜ್ ಮಗಳ ಕಡೆ ನೋಡಿದರು. "ಅವಳಿಗೆ ಏನೂ ಗೊತ್ತಿಲ್ಲ," ಎಂದರು.

"ನಾನು ಕೇಳಿದ್ದು ಅದಲ್ಲ."

"ಅಯ್ಮನ್‌ದು."

ನಕಲಿ ದಸ್ತಾವೇಜು ಸೃಷ್ಟಿ ಮತ್ತು ಬಳಕೆಯ ಅನುಮಾನದ ಮೇಲೆ ಬಂಧಿಸುತ್ತಿರುವುದಾಗಿ ಹೆಫರ್ನನ್ ತಿಳಿಸಿ, ಮಾತಾಡಲೇಬೇಕೆಂಬ ಕಡ್ಡಾಯವಿಲ್ಲ, ಮಾತಾಡಿದ್ದು ಸಾಕ್ಷ್ಯವಾಗಬಹುದು ಎಂಬ ಎಚ್ಚರಿಕೆಯನ್ನು ಓದಿ ಹೇಳಿದರು. ಜುವೇರಿಯಾ ಅಪ್ಪನನ್ನು ಕರೆದು, "ಅಬ್ಬಾ, ವಾಟ್ ಡಿಡ್ ಯು ಡೂ?" ಎಂದಳು. ಅವರು ಕೋಟಿನ ತೋಳಿಗೆ ಕೈ ತೂರಿಸುತ್ತಿದ್ದರು. ತೋಳು ಸಿಗಲಿಲ್ಲ. ಪ್ರಹ್ಲಾದ ಕೋಟು ಹಿಡಿದುಕೊಟ್ಟ.

ಮಧ್ಯಾಹ್ನ ಅವನು ಸರ್ಫರಾಜ್ ಅವರ ಮನೆಗೆ ಹೋಗಿ ವಿಷಯ ಹೇಳಿದ. ಸರ್ಫರಾಜ್ ಸೋಫಾದ ಅಂಚಿನಲ್ಲಿ ಕುಳಿತು ಕೇಳಿದರು. ಬೈಯಲಿಲ್ಲ. ಅವರನ್ನು ಠಾಣೆಗೆ ಕರೆಸಿದ್ದಕ್ಕೆ ಪ್ರಹ್ಲಾದ ಕ್ಷಮೆ ಕೇಳಿದಾಗ, ಇರಲಿ ಎಂಬಂತೆ ಕೈ ಆಡಿಸಿದರು.

ಜಮೀಲಾ ಮಾತ್ರ ಕೇಳಿದರು: "ಆ ಹುಡುಗಿ ಎಲ್ಲಿದ್ದಾಳೆ?"

"ಮನೇಲೇ ಇದ್ದಾಳೆ. ನಮ್ಮ ಗಾರ್ಡಾ ಒಬ್ಬರು ಜೊತೆಗಿದ್ದಾರೆ."

"ಅವಳಿಗೆ ಇಲ್ಲಿ ಯಾರಿದ್ದಾರೆ? ನಾವೇ ತಾನೆ," ಎಂದು ಜಮೀಲಾ ಕಾರಿನ ಕೀಲಿ ತೆಗೆದುಕೊಂಡರು. ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಯ್ಮನ್ ಕೆಳಗೆ ಬಂದಳು. ತಂದೆಯ ಪಕ್ಕದಲ್ಲಿ ಕೂತಳು. ತಾಯಿಯ ಜೊತೆ ಹೊರಡಲಿಲ್ಲ.

ವಿಚಾರಣೆ ವಕೀಲರ ಸಮ್ಮುಖದಲ್ಲಿ, ಕ್ಯಾಮೆರಾ ಎದುರು ನಡೆಯಿತು. ಮೊದಲ ಅರ್ಧ ಗಂಟೆ ಶಾನವಾಜ್ ಇಂಗ್ಲಿಷಿನಲ್ಲಿ ಹೌದು, ಅಲ್ಲ ಎಂದಷ್ಟೇ ಹೇಳಿದರು. ಡಾರ್ಸಿಯನ್ನು ಹುಡುಕಿದ್ದು ತಾನೇ. ಸಹಿ ಹಾಕಿದ್ದು ತಾನೇ. ಮೇಲ್ ಕಳಿಸಿದ್ದೂ ತಾನೇ. ಯಾಕೆ ಎಂದು ಕೇಳಿದಾಗ ಪ್ರಹ್ಲಾದನ ಕಡೆ ತಿರುಗಿ ಕನ್ನಡದಲ್ಲಿ ಮಾತಾಡತೊಡಗಿದರು. ಪ್ರಹ್ಲಾದ ಒಂದೊಂದೇ ಮಾತನ್ನು ದಾಖಲೆಗಾಗಿ ಇಂಗ್ಲಿಷಿಗೆ ತಂದ.

"ಇಬ್ಬರನ್ನೂ ಪ್ರಾಕ್ಟೀಸ್‌ಗೆ ಕರ್ಕೊಂಡು ಹೋಗ್ತಿದ್ದೋನು ನಾನೇ. ಸರ್ಫರಾಜ್‌ಗೆ ಶಿಫ್ಟು, ಜಮೀಲಾ ಆಪಾಗೆ ಆಸ್ಪತ್ರೆ. ಪ್ರತಿ ರೇಸಲ್ಲೂ ಅಯ್ಮನ್ ಫಸ್ಟು, ನಮ್ಮವಳು ಸೆಕೆಂಡು. ಅವಳಪ್ಪ ಅಮ್ಮ ರೇಸಿಗೆ ಬಂದು, ಫೋಟೋ ತೆಗೀರಿ ಭಾಯ್ ಅಂತ ಫೋನ್ ನನ್ನ ಕೈಗೆ ಕೊಡೋರು. ತೆಗೀತಿದ್ದೆ."

"ಜುವೇರಿಯಾಗೆ ಬೇಜಾರಾಗ್ತಿತ್ತಾ?"

"ಇಲ್ಲ. ಅವಳು ಅಯ್ಮನ್‌ನ ತಬ್ಕೊಂಡು ನಗೋಳು. ಕಾರಲ್ಲಿ ಕೇಳಿದ್ರೆ, ಐಯಾಮ್ ಗ್ರ್ಯಾಂಡ್ ಅಬ್ಬಾ, ಅನ್ನೋಳು, ಇಲ್ಲಿನವರ ಥರ, ಚೆನ್ನಾಗಿದ್ದೀನಿ ಅಂತ. ಯಾವಾಗ್ಲೂ ಗ್ರ್ಯಾಂಡ್. ಅವಳಮ್ಮ ಹೋದ ದಿನಾನೂ ಅದನ್ನೇ ಅಂದ್ಲು. ಆವತ್ತಿಂದ ಆ ಹುಡುಗಿ ನನ್ನ ಹತ್ರ ಏನನ್ನೂ ಕೇಳಿಲ್ಲ ಸರ್. ಒಂದು ಶೂ ಬೇಕು ಅಂತಾನೂ ಕೇಳಿಲ್ಲ. ಹರಿದಿರೋದನ್ನ ನಾನೇ ನೋಡಿ ತರ್ತಿದ್ದೆ. ಏನೂ ಕೇಳದೇ ಇರೋ ಮಗೂಗೆ ಒಂದು ದೊಡ್ಡದು ಕೊಡ್ಬೇಕು ಅನ್ನಿಸ್ತು."

"ಅದು ಬೇರೆಯವರ ಮಗಳದಾಗಿತ್ತು," ಎಂದರು ಹೆಫರ್ನನ್, ಅನುವಾದ ಕೇಳಿದ ಮೇಲೆ.

"ಹೌದು," ಎಂದರು ಶಾನವಾಜ್. "ಅಯ್ಮನ್‌ಗೆ ಇನ್ನೊಂದು ಸಿಗುತ್ತೆ ಅಂದ್ಕೊಂಡೆ. ಅವಳು ಅಷ್ಟು ಫಾಸ್ಟ್."

ಅಂದು ರಾತ್ರಿ ಅವರನ್ನು ಬಿಡುಗಡೆ ಮಾಡಿ, ಕಡತವನ್ನು ಸರ್ಕಾರಿ ಅಭಿಯೋಜಕರಿಗೆ ಕಳಿಸಲಾಯಿತು. ಜುವೇರಿಯಾ ಎರಡು ದಿನ ಜಮೀಲಾ ಅವರ ಮನೆಯಲ್ಲಿದ್ದು ತಂದೆಯ ಬಳಿಗೆ ಮರಳಿದಳು. ಆ ಎರಡು ದಿನ ಇಬ್ಬರು ಹುಡುಗಿಯರು ಒಂದೇ ಮೇಜಿನಲ್ಲಿ ಊಟ ಮಾಡಿದರು, ಮಾತಾಡಲಿಲ್ಲ ಎಂದು ಆಮೇಲೆ ಸರ್ಫರಾಜ್ ಹೇಳಿದರು.

ಹೆಫರ್ನನ್ ಡಾರ್ಸಿಯ ಬಗ್ಗೆ ಅಮೆರಿಕದಲ್ಲಿ ಆ ಕಾಲೇಜಿರುವ ರಾಜ್ಯದ, ಏಜೆಂಟರನ್ನು ನೋಂದಾಯಿಸುವ ಕಚೇರಿಗೆ ವರದಿ ಕಳಿಸಿದರು. ತಲುಪಿದೆ ಎಂದು ಒಂದು ಸಾಲಿನ ಉತ್ತರ ಬಂತು. ಸಿಟಿವೆಸ್ಟ್‌ನಲ್ಲಿ ಅವನ ಕಚೇರಿ ನಡೆಯುತ್ತಲೇ ಇದೆ.

ಕಾಲೇಜು ಅಯ್ಮನ್‌ಗೆ ವಿಷಾದ ತಿಳಿಸಿತು. ಅವಳ ಮೇಲಿನ ಆರೋಪ ತೆಗೆದುಹಾಕಲಾಗಿದೆ, ಆದರೆ ಈ ಸಾಲಿನ ಸೀಟು ಜುವೇರಿಯಾ ಹೆಸರಿಗೆ ಖಚಿತವಾಗಿದೆ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು. ಡಿಸೆಂಬರ್‌ನಲ್ಲಿ ಜುವೇರಿಯಾ ತನಗೆ ಆ ಸೀಟು ಬೇಡವೆಂದು ಕಾಲೇಜಿಗೆ ಬರೆದಳು. ಸೀಟು ನಾರ್ವೆಯ ಒಬ್ಬ ಹುಡುಗಿಗೆ ಹೋಯಿತು. ಅಯ್ಮನ್ ಮುಂದಿನ ವರ್ಷಕ್ಕೆ ಅರ್ಜಿ ಹಾಕಲಿಲ್ಲ. ಮತ್ತೆ ಓಡಲೂ ಇಲ್ಲ.

ಮಾರ್ಚ್‌ನಲ್ಲಿ ನೇಸ್ ನ್ಯಾಯಾಲಯದಲ್ಲಿ ಪ್ರಕರಣ ಬಂತು. ಪ್ರಹ್ಲಾದ ಹೊರಗಿನ ಬೆಂಚಿನ ಮೇಲೆ ಶಾನವಾಜ್ ಅವರ ಪಕ್ಕದಲ್ಲಿ ಕುಳಿತಿದ್ದ. ಅವರು ಬಹಳ ಇಳಿದುಹೋಗಿದ್ದರು. ಆರೋಪ ನಿರಾಕರಿಸಿದರೆ ಏಜೆಂಟನ ನಡತೆಯನ್ನೇ ಮುಂದಿಟ್ಟು ವಾದಿಸಲು ಜಾಗ ಇದೆ ಎಂದು ಅವರ ವಕೀಲರು ಬೆಳಿಗ್ಗೆಯಿಂದ ಹೇಳುತ್ತಿದ್ದರು.

"ಏನ್ಮಾಡ್ತೀರಿ ಸರ್?" ಪ್ರಹ್ಲಾದ ಕೇಳಿದ.

"ನಿನ್ನೆ ಜುವೇರಿಯಾ ನನ್ನ ಹತ್ರ ಒಂದು ಕೇಳಿದ್ಲು," ಎಂದರು ಶಾನವಾಜ್. "ತಪ್ಪು ಒಪ್ಕೋ ಅಬ್ಬಾ ಅಂತ. ಕನ್ನಡದಲ್ಲಿ ಕೇಳಿದ್ಲು."

ಒಳಗೆ ಅವರ ಹೆಸರು ಕೂಗಿದರು. ಎದ್ದು ಹೋಗಿ, ಎರಡು ಆರೋಪಗಳಿಗೆ ಕೇಳಿದ ಎರಡೂ ಸಲ ತಪ್ಪಿತಸ್ಥನೆಂದು ಒಪ್ಪಿಕೊಂಡರು.